ಮೂಗಿನ ಸಾಕ್ಷಿ

ಭೂಮಂಡಲದಲ್ಲಿ ಮೂಗು ಅಂತ ಇದ್ದರೆ ಅದು ಅವನೊಬ್ಬನದೇ. ಮಿಕ್ಕವರ ಮುಖದ ಮೇಲಿರುವುದು ಕನ್ನಡಕ ಜಾರದಿರಲೆಂದು ದೇವರು ಹೊಡೆದ ಗೂಟ. ಇದರಲ್ಲಿ ಉತ್ಪ್ರೇಕ್ಷೆಯ ಎಳೆಯೂ ಇಲ್ಲ. ಬಿಗಿಯಾಗಿ ಮುಚ್ಚಿದ ತಗಡಿನ ಡಬ್ಬಿಯೊಂದನ್ನು ಅವನು ಒಮ್ಮೆ ಎತ್ತಿ, ತಿರುಗಿಸಿ, ಕಣ್ಣು ಮುಚ್ಚಿ ಮೂಸಿ, ಒಳಗಿನ ಫಿಲ್ಮು ಯಾವ ವರ್ಷದ್ದು, ಯಾವ ತಿಂಗಳದ್ದು, ಅದನ್ನು ತೆಗೆದ ದಿನ ಹೊರಗೆ ಮಳೆ ಹೊಯ್ಯುತ್ತಿತ್ತೇ, ಪ್ರಯೋಗಶಾಲೆಯ ಕಿಟಕಿ ತೆರೆದಿತ್ತೇ, ಕ್ಯಾಮೆರಾದ ಹಿಂದೆ ನಿಂತಾಕೆಗೆ ಹಲ್ಲುನೋವಿತ್ತೇ, ಎಲ್ಲವನ್ನೂ ಸಾಲಾಗಿ ಹೇಳಿದ್ದ. ಹೇಳಿದ್ದು ಗುಟ್ಟಾಗಿ ಅಲ್ಲ, ಸಭೆ ತುಂಬ ಕೂತ ವಿದ್ವಾಂಸರ ಎದುರಿಗೆ. ಅವರಲ್ಲಿ ಇಬ್ಬರು ಅಲ್ಲೇ ಮೂರ್ಛೆ ಹೋದರು. ಇನ್ನೊಬ್ಬರು ಇಂಥ ಮೂಗಿರುವ ಲೋಕದಲ್ಲಿ ತಮ್ಮ ಸಂಶೋಧನೆಗೆ ಅರ್ಥವಿಲ್ಲವೆಂದು ಎಲ್ಲ ಬಿಟ್ಟು ತರಕಾರಿ ಅಂಗಡಿ ಇಟ್ಟರು. ಸುಳ್ಳೆನ್ನುವವರು ಆ ಅಂಗಡಿಗೆ ಹೋಗಿ ವಿಚಾರಿಸಬಹುದು. ವಿಜ್ಞಾನ ಸಂಸ್ಥೆಯ ಹಳೆಯ ದಾಖಲೆಗಳನ್ನು ಕಾಯುವ ಸಾಧಾರಣ ನೌಕರನೊಬ್ಬ ಅಂದಿನಿಂದ ಎಲ್ಲರ ಬಾಯಲ್ಲೂ ಮೂಗುರಾಯನಾದ. ತಿಂಗಳಿಗೊಮ್ಮೆಯಾದರೂ ಯಾರಾದರೂ ಬಂದು, ಒಂದು ನಿಮಿಷ ಆ ಮೂಗನ್ನು ನೋಡಿ ಹೋಗುತ್ತಿದ್ದರು.

ಅಂಥ ಮೂಗುರಾಯ ಈ ಬೆಳಿಗ್ಗೆ ಅಕ್ಕನ ಅಡುಗೆಮನೆಯ ಮೇಜಿಗೆ ಕೂತು, ಮುಚ್ಚಳ ಮುಚ್ಚಿದ ಲೋಟವನ್ನು ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ, ಎದೆಯುಬ್ಬಿಸಿ ಉಸಿರೆಳೆದುಕೊಂಡ.

"ಅಕ್ಕಾ, ಇವತ್ತು ನಿನ್ನ ಕಾಫಿ ಘಮ ಬೀದಿ ತುದಿ ದಾಟಿದೆ ನೋಡು. ಹಾಲಿನವನು ದಾರಿ ತಪ್ಪಿ ಎರಡನೇ ಸಲ ಇಲ್ಲಿಗೇ ಬರ್ತಾನೆ."

"ಹೌದೇನೋ ಮರಿ?" ಅಕ್ಕ ಒಲೆಯ ಕಡೆ ಮುಖ ಮಾಡಿಯೇ ಕೇಳಿದಳು. ಐವತ್ತು ದಾಟಿದ ತಮ್ಮನನ್ನು ಮರಿ ಎಂದು ಕರೆಯುವ ಹಕ್ಕನ್ನು ಅವಳು ಇನ್ನೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಸಾವಿರ ಲೋಟ ಸಾಲಾಗಿಡು, ಕಣ್ಣಿಗೆ ಬಟ್ಟೆ ಕಟ್ಟು. ನಿನ್ನ ಲೋಟ ಯಾವುದು ಅಂತ ನಡ್ಕೊಂಡು ಹೋಗಿ ಎತ್ತಿ ಕುಡೀತೀನಿ."

"ಸಾವಿರ ಬೇಡ. ಇದೊಂದನ್ನ ಕುಡಿ."

ಮುಚ್ಚಳ ತೆಗೆದ. ಬಿಸಿನೀರು. ಬರೀ ಬಿಸಿನೀರು, ಲೋಟದ ತಳದ ಗೀರುಗಳು ಕೂಡ ಕಾಣುವಷ್ಟು ಸ್ವಚ್ಛ. ಅವನು ಆ ಗೀರುಗಳನ್ನೇ ನೋಡುತ್ತ ಕೂತ. ಅಕ್ಕ ಬಂದು ಮೇಜು ಒರೆಸಿದಳು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಬೈದಿದ್ದರೆ, ನಕ್ಕಿದ್ದರೆ ಏನಾದರೂ ಹೇಳಬಹುದಿತ್ತು. ಚಿಕ್ಕಂದಿನಲ್ಲಿ ಅವನ ಜೇಬಿನಲ್ಲಿ ಕದ್ದ ಗೋಲಿ ಸಿಕ್ಕಾಗಲೂ ಅವಳು ಹೀಗೆಯೇ ಏನೂ ಮಾತಾಡದೆ ನೆಲ ಒರೆಸಿದ್ದಳು. ಒರೆಸುವ ಬಟ್ಟೆಯ ಸದ್ದಿಗೇ ಅವನು ಹೋಗಿ ಗೋಲಿ ವಾಪಸು ಕೊಟ್ಟು ಬಂದಿದ್ದ.

"ಯಾವಾಗಿಂದ?" ಅಂದಳು ಕೊನೆಗೆ.

"ಏನು ಯಾವಾಗಿಂದ?"

"ಹೋಗ್ಲಿ ಬಿಡು. ದಿನಕ್ಕೆರಡು ಸಲ ಯಾಕೆ ಸ್ನಾನ ಮಾಡ್ತೀಯ ಅಂತ ಈಗ ಗೊತ್ತಾಯ್ತು. ಮೊನ್ನೆ ಹಾಲು ಸೀದು ಮನೆಯೆಲ್ಲ ಹೊಗೆ ನಾತ ಹೊಡೀತಿದ್ರೂ ನೀನು ಪೇಪರ್ ಓದ್ತಾ ಕೂತಿದ್ದೆ. ಆಗ್ಲೇ ಅನುಮಾನ ಬಂತು." ಅಕ್ಕ ಬಟ್ಟೆ ಹಿಂಡಿದಳು. "ಇವತ್ತು ದುಡ್ಡು ಕೊಡೋರು ಬರ್ತಾರೆ ಅಂತಿದ್ದೆಯಲ್ಲ, ನಿನ್ನ ಮೂಗು ನೋಡೋಕೆ. ಅವರಿಗೂ ಬಿಸಿನೀರೇ ಕುಡಿಸ್ತೀಯಾ?"

ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ, ಗಾಳಿ ತನ್ನಿಂದ ಹೊರಗೆ ಹೋಗುವ ದಿಕ್ಕು ನೋಡಿ ಕೂತ. ಕಳೆದ ಮಳೆಗಾಲದ ಜ್ವರ ಬಿಟ್ಟ ಬೆಳಿಗ್ಗೆ ಎದ್ದು ಸೋಪು ಹಿಡಿದಾಗ ಅದು ಸೋಪಿನ ಚಿತ್ರದ ಹಾಗಿತ್ತು. ಅಂದಿನಿಂದ ಲೋಕವೇ ಚಿತ್ರವಾಗಿ ಹೋಯಿತು: ಬಣ್ಣವಿದೆ, ಅಂಚಿದೆ, ಮುಂದೆ ನಿಂತಿದೆ, ಆದರೆ ಒಳಗೆ ಕರೆದುಕೊಳ್ಳುವುದಿಲ್ಲ. ಮೊದಲೆಲ್ಲ ಜನ ತಾವು ಬರುವ ಮೊದಲೇ ಬರುತ್ತಿದ್ದರು. ನಿರ್ದೇಶಕರ ಕ್ಷೌರದ ಲೋಷನ್ನು ಮೆಟ್ಟಿಲು ಹತ್ತಿ ಬಂದು ನಿಂತ ಮೇಲೆ ನಿರ್ದೇಶಕರು ಹತ್ತುತ್ತಿದ್ದರು. ಈಗ ಎಲ್ಲರೂ ದಿಢೀರನೆ, ಯಾರೋ ದೀಪ ಹಾಕಿದ ಹಾಗೆ, ಎದುರಿಗೆ ಬಂದುಬಿಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ತಾನೇ ತನಗೆ ಸಿಗುತ್ತಿಲ್ಲ. ಮುಂದಿನ ನಿಲ್ದಾಣದಲ್ಲಿ ಪಕ್ಕದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು. ಇಳಿಯುವುದಕ್ಕೆ ಅನುಕೂಲವೆಂದೇ? ಅಥವಾ ತಾನು ನಾರುತ್ತಿರುವುದಕ್ಕೇ? ಅವನು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದ. ಡಾಕ್ಟರು, ಕೆಲವರಿಗೆ ತಾನಾಗಿಯೇ ವಾಪಸು ಬರುತ್ತದೆ, ಕಾಯಿರಿ ಎಂದಿದ್ದರು. ಕಾಯುವುದೇನು ಸಾಮಾನ್ಯವೇ, ಅವನಷ್ಟು ಕಾದವರು ಚರಿತ್ರೆಯಲ್ಲೇ ಇಲ್ಲ. ಯಾರಿಗೂ ಹೇಳದೆ ಕಾದ. ಮೂಗುರಾಯನಿಗೆ ಮೂಗಿಲ್ಲ ಎಂದು ಹೇಳುವುದು ಹೇಗೆ? ಆಮೇಲೆ ಅವನನ್ನು ಏನೆಂದು ಕರೆಯುತ್ತಾರೆ?

ಅಲಂಕಾರಕ್ಕೆ ಇಟ್ಟುಕೊಂಡ ಮೂಗಾಗಿದ್ದರೆ ಕಳೆದುಹೋದರೂ ನಷ್ಟವಿರಲಿಲ್ಲ. ಹಳೆಯ ಫಿಲ್ಮಿಗೊಂದು ರೋಗವಿದೆ. ವಯಸ್ಸಾದ ಹಾಗೆ ಅದು ಒಳಗಿನಿಂದ ಹುಳಿಯಾಗುತ್ತದೆ. ಮೊದಲು ವಿನೆಗರಿನ ಸಣ್ಣ ವಾಸನೆ, ಆಮೇಲೆ ಸುರುಳಿ ಸೊಟ್ಟಗಾಗುವುದು, ಆಮೇಲೆ ಬಿಳಿ ಪುಡಿ, ಕೊನೆಗೆ ಚಿತ್ರವೇ ಇಲ್ಲ. ಸೊಟ್ಟಗಾದದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಮೊದಲು ತಿಳಿಯುವುದು ಮೂಗಿಗೆ. ಅದೂ ಅಂಟುರೋಗ, ಒಂದು ಡಬ್ಬಿಯ ಹುಳಿ ಪಕ್ಕದ ಡಬ್ಬಿಗೆ, ಒಂದೇ ಮನೆಯ ಮಕ್ಕಳ ನೆಗಡಿಯ ಹಾಗೆ, ಹಬ್ಬುತ್ತದೆ. ಅದಕ್ಕೇ ದಾಖಲೆಕೋಣೆಯಲ್ಲಿ ಅವನು ಒಬ್ಬೊಬ್ಬರ ಹಣೆ ಮುಟ್ಟಿ ನೋಡುವ ತಾಯಿಯಂತೆ ಪ್ರತಿವಾರ ಡಬ್ಬಿ ತೆಗೆದು ಮೂಸುತ್ತಿದ್ದ, ಹುಳಿ ಬಂದದ್ದನ್ನು ಬೇರೆ ಕೋಣೆಗೆ ಹಾಕುತ್ತಿದ್ದ. ಜ್ವರದ ನಂತರವೂ ಮೂಸಿದ, ಆದರೆ ಮುಚ್ಚಳ ತೆಗೆಯುವ ಗೋಜಿಗೆ ಹೋಗದೆ. ಮೂಗು ಒಡ್ಡಿದ, ಹುಬ್ಬು ಗಂಟಿಕ್ಕಿದ, ತಲೆಯಾಡಿಸಿದ. ಅಭಿನಯ ಎಷ್ಟು ಚೆನ್ನಾಗಿತ್ತೆಂದರೆ ಕೆಲವು ಸಲ ಅವನಿಗೇ ಏನೋ ವಾಸನೆ ಬಂದಂತಾಗುತ್ತಿತ್ತು.

ದಾಖಲೆಕೋಣೆಯ ಬಾಗಿಲಲ್ಲಿ ನಿರ್ದೇಶಕರು ಆಗಲೇ ನಿಂತಿದ್ದರು, ಹೊಸ ಟೈ ಕಟ್ಟಿಕೊಂಡು, ಅದರ ಗಂಟನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತ. ನೆಲ ಹೊಳೆಯುತ್ತಿತ್ತು. ಕಪಾಟುಗಳ ಧೂಳು ಹೋಗಿತ್ತು. ಗೋಡೆಯ ಮೇಲಿನ ಸಂಸ್ಥಾಪಕರ ಭಾವಚಿತ್ರದ ಗಾಜಿಗೆ ಯಾರೋ ಎಣ್ಣೆ ಒರೆಸಿದ್ದರೆಂದು ತೋರುತ್ತದೆ, ಸಂಸ್ಥಾಪಕರು ಬೆವರುತ್ತಿರುವಂತೆ ಕಾಣುತ್ತಿದ್ದರು.

"ಬನ್ನಿ, ಬನ್ನಿ ಮೂಗುರಾಯರೇ. ಒಳಗೆ ಕಾಲಿಟ್ಟ ತಕ್ಷಣ ಹೇಳಿ ನೋಡೋಣ, ಏನು ಹೊಡೆಸಿದೀನಿ ಕೋಣೆಗೆ?"

ಅವನಿಗೆ ಕೋಣೆ ಎಂದಿನಂತೆ ಏನೂ ಇಲ್ಲದ ಕೋಣೆ. ಗುಲಾಬಿಯೇ? ಗಂಧವೇ? ಅವನು ಮೂಗನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮತ್ತು ತಿರುಗಿಸುವಾಗ ಕಸದ ಬುಟ್ಟಿಯಲ್ಲಿ ತಲೆಕೆಳಗಾಗಿ ಬಿದ್ದಿದ್ದ ಡಬ್ಬಿಯ ಮೇಲೆ ಹಳದಿ ಹಣ್ಣಿನ ಚಿತ್ರದ ಅರ್ಧ ಕಂಡಿತು.

"ನಿಂಬೆ," ಅಂದ. "ಸ್ವಲ್ಪ ಜಾಸ್ತಿನೇ ಹೊಡೆದಿದಾರೆ ಸಾರ್. ಮೂಲೇಲಿ ಇನ್ನೂ ಹಸಿ ಇದೆ."

"ಭೇಷ್! ಈ ಮೂಗಿಗೆ ವಿಮೆ ಮಾಡಿಸ್ಬೇಕು ಕಣ್ರೀ." ನಿರ್ದೇಶಕರು ಅವನ ಬೆನ್ನು ತಟ್ಟಿದರು. "ಆದ್ರೆ ಒಂದು. ಬರ್ತಿರೋ ಮೇಡಂ ಬಹಳ ಬಿಗಿ ಅಂತೆ. ಒಂದು ಸಂಸ್ಥೆಗೆ ಹೋಗಿ, ಕೋಣೆ ಕೊಳಕಾಗಿದೆ, ಇವರಿಗೆ ದಾಖಲೆ ಮೇಲೆ ಪ್ರೀತಿ ಇಲ್ಲ ಅಂತ ಹಣ ಕೊಡ್ಲಿಲ್ಲ. ಇನ್ನೊಂದು ಕಡೆ, ಕೋಣೆ ಇಷ್ಟು ಚೆನ್ನಾಗಿದೆಯಲ್ಲ, ಇವರಿಗೆ ಹಣ ಯಾಕೆ ಅಂದ್ರಂತೆ. ಅದಕ್ಕೇ ನೆಲ ಒರೆಸಿ, ಆ ಮೂಲೆ ಜೇಡರ ಬಲೆ ಮಾತ್ರ ಹಾಗೇ ಬಿಡಿಸಿದೀನಿ. ಹೇಗೆ?"

"ಅದ್ಭುತ ಸಾರ್. ಜೇಡಕ್ಕೂ ಹೇಳಿದೀರಾ, ಇವತ್ತು ರಜ ಹಾಕ್ಬೇಡ ಅಂತ?"

"ತಮಾಷೆ ಸಾಕು. ನಿಮ್ಮ ಮಾತು ನೆನಪಿದೆಯಲ್ಲ?"

ನೆನಪಿತ್ತು. ಮರೆಯಲು ಪಟ್ಟ ಪ್ರಯತ್ನದಷ್ಟೂ ನೆನಪಿತ್ತು. ಕೋಣೆಯಲ್ಲಿ ಫಿಲ್ಮಿನ ಕಪಾಟುಗಳು ಎರಡು. ಒಂದು ಸಂಸ್ಥಾಪಕರದು: ಸಂಸ್ಥಾಪಕರು ಉದ್ಘಾಟನೆ ಮಾಡುವುದು, ಸಂಸ್ಥಾಪಕರು ಯಂತ್ರದ ಪಕ್ಕ ನಿಲ್ಲುವುದು, ಸಂಸ್ಥಾಪಕರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕ್ಯಾಮೆರಾ ಕಡೆ ನಗುವುದು. ಇನ್ನೊಂದು, ಅವನು ಬಳ್ಳಿಯಮ್ಮ ಎಂದು ಕರೆಯುವಾಕೆಯದು. ಎಂದೋ ತೀರಿಕೊಂಡ ಆಕೆ ಆಯುಷ್ಯವಿಡೀ ಬಳ್ಳಿಗಳನ್ನೇ ಚಿತ್ರ ತೆಗೆದಳು. ಗಂಟೆಗಿಷ್ಟು ಎಂದು ಚಿತ್ರ ತೆಗೆದು, ಒಟ್ಟಿಗೆ ಓಡಿಸಿ, ಬಳ್ಳಿ ಆಸರೆಯನ್ನು ಹೇಗೆ ಹುಡುಕುತ್ತದೆಂದು ತೋರಿಸಿದಳು. ಕೈಯಲ್ಲಿ ತಿರುಗಿಸುವ ಪುಟ್ಟ ಯಂತ್ರದಲ್ಲಿ ಅವನು ಅವನ್ನು ಎಷ್ಟು ಸಲ ನೋಡಿದ್ದಾನೋ. ಕುಡಿಯೊಂದು ಬರೀ ಗಾಳಿಯಲ್ಲಿ ಸುತ್ತು ಹೊಡೆಯುತ್ತದೆ, ಕುರುಡನ ಕೈಯ ಹಾಗೆ. ಸಿಗುವುದಿಲ್ಲ. ಇನ್ನಷ್ಟು ಉದ್ದವಾಗಿ ಇನ್ನೂ ದೊಡ್ಡ ಸುತ್ತು. ಕಡ್ಡಿಯ ಅಂಚಿಗೆ ತಾಗಿದಾಗ ಮಾತ್ರ ಒಂದು ಕ್ಷಣ ನಿಲ್ಲುತ್ತದೆ, ನಂಬಲೋ ಬೇಡವೋ ಎಂಬಂತೆ; ಆಮೇಲೆ ಸುತ್ತಿಕೊಂಡರೆ ಬಿಡಿಸುವುದಕ್ಕಾಗುವುದಿಲ್ಲ. ಆ ಒಂದು ಕ್ಷಣದ ಅನುಮಾನವನ್ನು ನೋಡಿ ಅವನು ಒಮ್ಮೆ ಅತ್ತಿದ್ದ. ಅತ್ತದ್ದು ಎಷ್ಟೆಂದರೆ ನೆಲ ಒರೆಸುವವಳು ಮೇಲಿನ ಕೊಳಾಯಿ ಸೋರಿದೆಯೆಂದು ದೂರು ಕೊಟ್ಟಳು.

ನಿಧಿಸಂಸ್ಥೆಯಿಂದ ಅರ್ಜಿ ಕರೆದಾಗ ಒಂದು ಕಪಾಟಿಗೆ ಮಾತ್ರ ಹಣ, ರೋಗ ಹೆಚ್ಚಿರುವುದಕ್ಕೆ, ಎಂದಿದ್ದರು. ಆ ಹಣದಲ್ಲಿ ತಣ್ಣನೆಯ ಕೋಣೆ ಸಿಗುತ್ತಿತ್ತು, ಹೊಸ ಪ್ರತಿಗಳು ಸಿಗುತ್ತಿದ್ದವು. ನಿರ್ದೇಶಕರು ಅವನನ್ನು ಕರೆದು ಕುರ್ಚಿ ತೋರಿಸಿದರು. ಅವರು ಕುರ್ಚಿ ತೋರಿಸಿದ್ದು ಅದೇ ಮೊದಲು. "ನೋಡಿ, ಸಂಸ್ಥಾಪಕರ ಕಪಾಟು ನಿಮ್ಮ ಮೂಗಿಗೆ ಹುಳಿ ಅನ್ನಿಸುತ್ತಲ್ವಾ? ಆಡಳಿತ ಮಂಡಳಿಗೂ ಸಂತೋಷ ಆಗುತ್ತೆ." ಮೂಗಿದ್ದ ಕಾಲದಲ್ಲಾಗಿದ್ದರೆ ಅವನು, ಕ್ಷಮಿಸಿ ಸಾರ್, ಮೂಗಿಗೆ ಮುಲಾಜು ಗೊತ್ತಿಲ್ಲ ಎಂದುಬಿಡುತ್ತಿದ್ದ. ಆದರೆ ಆ ಕಪಾಟೂ ಈ ಕಪಾಟೂ ಅವನಿಗಾಗ ಒಂದೇ. ಇಲ್ಲ ಎನ್ನುವುದಕ್ಕೆ ಆಧಾರವೇ ಇರಲಿಲ್ಲ. ಬಳ್ಳಿಯಮ್ಮನದೂ ಏನೂ ವಾಸನೆ ಹೊಡೆಯುತ್ತಿರಲಿಲ್ಲವಲ್ಲ. "ಹೌದು ಸಾರ್, ಮೂಗು ಕಿತ್ತು ಬರುತ್ತೆ," ಅಂದ. ಹಾಗೆಯೇ ಅರ್ಜಿ ಹೋಯಿತು, ಬಳ್ಳಿಯಮ್ಮನ ಮುಂದೆ 'ಆರೋಗ್ಯ' ಎಂದು ಬರೆದುಕೊಂಡು. ಆಮೇಲೆ ನೆಲಮಾಳಿಗೆ ಖಾಲಿ ಮಾಡುವಾಗ ಸಿಕ್ಕ ಆಕೆಯದೇ ಒಂದು ತುಕ್ಕು ಹಿಡಿದ ಡಬ್ಬಿ ಬಂತು. ಎಲ್ಲರೂ ನೋಡುತ್ತಿದ್ದರು. ಅವನು ಮುಚ್ಚಳ ತೆಗೆಯದೆಯೇ ಅದನ್ನು ಮೂಸಿ, "ಎಳೇ ಮಗುವಿನ ನೆತ್ತಿ ಇದ್ದ ಹಾಗಿದೆ" ಎಂದು ಘೋಷಿಸಿ, ಬಳ್ಳಿಯಮ್ಮನ ಕಪಾಟಿನ ನಟ್ಟನಡುವೆ ಇಟ್ಟಿದ್ದ. ಆ ಡಬ್ಬಿಯನ್ನು ತಂದುಕೊಟ್ಟ ಕೂಲಿಯಾಳು ಮೂಗು ಒರೆಸಿಕೊಳ್ಳುತ್ತ ಹೋದದ್ದು ಯಾಕೋ ಈಚೆಗೆ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು.

ನಿಧಿಯಿಂದ ಬಂದಾಕೆ ಬಿಗಿಯಾಗಿ ಕಾಣಲಿಲ್ಲ. ದೊಡ್ಡ ಚೀಲ, ಸವೆದ ಚಪ್ಪಲಿ, ಕೆಂಪಗೆ ಊದಿದ ಮೂಗು. ಬಾಗಿಲು ದಾಟುವ ಮೊದಲೇ ಸೀನಿದರು. ಸೀನಿನ ರಭಸಕ್ಕೆ ನಿರ್ದೇಶಕರು ಉಳಿಸಿಟ್ಟಿದ್ದ ಜೇಡರ ಬಲೆ ಅಲ್ಲಾಡಿತು.

"ಕ್ಷಮಿಸಿ. ಈ ಶೀತದಲ್ಲಿ ನನಗೆ ಹೂವೂ ಒಂದೇ, ಹಳೇ ಕಾಲುಚೀಲಾನೂ ಒಂದೇ. ಕೋಣೆಗೆ ಏನಾದ್ರೂ ವಾಸನೆ ಇದೆಯಾ?"

"ಏನೂ ಇಲ್ಲ ಮೇಡಂ," ಎಂದರು ನಿರ್ದೇಶಕರು ನಿಂಬೆಯ ಮೋಡದೊಳಗಿನಿಂದ, ಕೆಮ್ಮುತ್ತ.

"ಮೂಗುರಾಯರು ಅಂದ್ರೆ ನೀವೇ ಅಲ್ವಾ? ನಮ್ಮ ಕಚೇರೀಲಿ ನಿಮ್ಮ ಕಥೆ ಕೇಳದವರಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಅದನ್ನೇ ಹೇಳೋದು. ಇವತ್ತು ನನ್ನ ಮೂಗು ಕೈಕೊಟ್ಟಿದೆ, ನಿಮ್ಮ ಮೂಗನ್ನೇ ನಂಬಿ ಬಂದಿದೀನಿ. ನೀವು ಯಾವ ಕಪಾಟು ಅಂತೀರೋ ಅದಕ್ಕೇ ಸಹಿ."

ನಿರ್ದೇಶಕರು ಯಾರದೋ ಫೋನು ಬಂತೆಂದು ಹೊರಗೆ ಹೋದರು. ಹೋಗುವಾಗ ಹುಬ್ಬಿನಿಂದಲೇ ಸಂಸ್ಥಾಪಕರ ಕಪಾಟನ್ನು ತೋರಿಸಿ ಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು, ಇಬ್ಬರಿಗೂ ಮೂಗಿಲ್ಲ. ಈಗ ತಾನು ಏನು ಹೇಳಿದರೂ ನಡೆಯುತ್ತದೆ ಎನ್ನುವುದು ಅವನಿಗೆ ಒಮ್ಮೆಗೇ ಹೊಳೆಯಿತು. ಸಿಕ್ಕಿಬೀಳುವ ಭಯವೇ ಇಲ್ಲದ ಈ ಹೊತ್ತಿನಲ್ಲಿ ಯಾಕೆ ಇಷ್ಟು ಭಯ? ಆಕೆಯ ಕಣ್ಣುಗಳು ಶೀತದಿಂದ ನೀರಾಡುತ್ತಿದ್ದವು, ಅವುಗಳಲ್ಲಿ ಅನುಮಾನವೆಂಬುದು ಇರಲಿಲ್ಲ. ಬಿಸಿನೀರು, ಬಿಸಿನೀರು ಎಂದು ಅಕ್ಕ ಕಿವಿಯಲ್ಲಿ ಹೇಳಿದಂತಾಯಿತು. ಹೇಳಿಬಿಡಬೇಕು ಎಂದುಕೊಂಡ. ಬಾಯಿ ತೆರೆದ. ತೆರೆದ ಬಾಯಿಂದ ಹಳೆಯ ಅಭ್ಯಾಸದಂತೆ ಬೇರೆಯೇ ಹೊರಟಿತು:

"ಬನ್ನಿ ಮೇಡಂ. ಸ್ವಲ್ಪ ದೂರ ನಿಂತ್ಕೊಳ್ಳಿ. ಹೋದ ತಿಂಗಳು ಇದರ ಮುಚ್ಚಳ ತೆಗೆದಾಗ ಕಿಟಕಿಯ ಗಾಜು ಬಿರುಕು ಬಿಟ್ಟಿತ್ತು."

ಸಂಸ್ಥಾಪಕರ ಡಬ್ಬಿ ತೆರೆದ. ಮೂಗು ಒಡ್ಡಿ, ಹಾವು ಕಂಡವನಂತೆ ಹಿಂದೆ ಹಾರಿ, ಕರವಸ್ತ್ರದಿಂದ ಕಣ್ಣೊರೆಸಿಕೊಂಡ. "ಪಾಪ, ಸಂಸ್ಥಾಪಕರು," ಅಂದ. ಆಕೆ ಬಗ್ಗಿ ನೋಡಿದರು. ಸುರುಳಿ ನೇರವಾಗಿ, ನುಣುಪಾಗಿ, ನಿನ್ನೆ ಅಂಗಡಿಯಿಂದ ತಂದಂತಿತ್ತು. ಸುರುಳಿಯ ಮೇಲೆ ಒಂದು ನೀಲಿ ಕಾಗದದ ಚೂರು, ಅವನದೇ ದುಂಡು ಅಕ್ಷರದಲ್ಲಿ ಕಪಾಟಿನ ಸಂಖ್ಯೆ. ಆಕೆ ಆ ಚೂರನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಚೆನ್ನಾಗಿದೆ ಚೀಟಿ. ಎಲ್ಲ ಡಬ್ಬಿಗೂ ಇದೆಯಾ?"

"ಒಂದನ್ನೂ ಬಿಟ್ಟಿಲ್ಲ ಮೇಡಂ. ಮುಚ್ಚಳದ ಮೇಲಿನ ಬರಹ ತುಕ್ಕಿಗೆ ಹೋಗುತ್ತೆ ಅಂತ ಒಳಗೇ ಇಟ್ಟಿದೀನಿ. ಇಡೀ ಲೋಕದಲ್ಲಿ ಈ ಉಪಾಯ ಇನ್ಯಾರಿಗೂ ಹೊಳೆದಿಲ್ಲ."

ಉಪಾಯ ಹೊಳೆದದ್ದು ಜ್ವರಕ್ಕೆ ಮುಂಚೆ. ಅದೇ ವಿದ್ವಾಂಸರ ಸಭೆಯಲ್ಲಿ, ಮೂಗಿನ ಪವಾಡದ ನಂತರ, ಯಾರೋ ಎಲ್ಲರಿಗೂ ನೀಲಿ ಕಾಗದಗಳ ಒಂದೊಂದು ಪೊಟ್ಟಣ ಹಂಚಿದ್ದರು; ಹುಳಿ ಪರೀಕ್ಷೆಯ ಕಾಗದ, ಡಬ್ಬಿಯಲ್ಲಿಟ್ಟು ನೋಡಿ ಎಂದು. ಅವನು ಎದ್ದುನಿಂತು, "ಇದು ಮೂಗಿಲ್ಲದವರಿಗೆ ಕೊಡಿ ಸ್ವಾಮಿ, ಸೂರ್ಯನಿಗೆ ಟಾರ್ಚು ಯಾಕೆ?" ಎಂದಾಗ ಸಭೆ ಗೊಳ್ಳೆಂದಿತ್ತು. ಜೊತೆಗಿದ್ದ ಸೂಚನೆಯ ಹಾಳೆಯನ್ನು ಓದುವುದು ಅವಮಾನವೆಂದು ಅದರಲ್ಲಿ ದೋಣಿ ಮಾಡಿದ್ದ. ಆಮೇಲೆ ಕಚೇರಿಯಲ್ಲಿ ಚೀಟಿ ಕಾಗದ ಮುಗಿದು, ಹೊಸದನ್ನು ತರಿಸಲು ಮೂರು ಸಹಿ ಬೇಕೆಂದಾಗ, ಇವು ಒಳ್ಳೆ ಅಳತೆಗೆ ಕತ್ತರಿಸಿ ಸಿದ್ಧವಾಗಿ ಕೂತಿದ್ದವು.

"ಹೋಲಿಸಿ ನೋಡೋಕೆ, ಆರೋಗ್ಯವಾಗಿರೋ ಡಬ್ಬೀನೂ ಒಂದು ತೋರಿಸಿ," ಎಂದರು ಆಕೆ. ಕೈಯಲ್ಲಿ ಆ ನೀಲಿ ಚೂರು ಹಾಗೆಯೇ ಇತ್ತು.

ಬಳ್ಳಿಯಮ್ಮನ ಕಪಾಟಿನಿಂದ ಅವನು ತನಗೆ ಅತ್ಯಂತ ಇಷ್ಟವಾದ ಡಬ್ಬಿಯನ್ನೇ ತೆಗೆದ, ಸಭೆಯಲ್ಲಿ ಮೂಸಿ ಹೆಸರು ಮಾಡಿದ್ದ ಅದೇ ಡಬ್ಬಿ. ಮುಚ್ಚಳ ತಿರುಗಿಸಿದ. ಮೂಗು ಇಳಿಸಿ, "ಆಹಾ, ಮಗುವಿನ ನೆತ್ತಿ" ಎನ್ನುತ್ತ ಕಣ್ಣು ತೆರೆದವನಿಗೆ ಮೊದಲು ಕಂಡದ್ದು ಚೀಟಿ. ಅಕ್ಷರ ಅವನದೇ. ಕಾಗದ ಹಳದಿ. ನೀಲಿಯ ಸುಳಿವೂ ಇಲ್ಲದ, ಮಾಗಿದ ನಿಂಬೆಯಂಥ ಹಳದಿ.

ಆಕೆ ಅದನ್ನೂ ಎತ್ತಿ, ಮೇಜಿನ ಮೇಲೆ ನೀಲಿಯ ಪಕ್ಕ ಇಟ್ಟರು. ಸೀನಿದರು. ಮೂಗೊರೆಸಿಕೊಂಡರು. "ಇದಕ್ಯಾಕೆ ಬೇರೆ ಬಣ್ಣ?"

"ಅದು ಮೇಡಂ... ಕಪಾಟಿಗೊಂದು ಬಣ್ಣ. ನೀಲಿ ಅಂದ್ರೆ ರೋಗಿ. ಹಳದಿ ಅಂದ್ರೆ ಆರೋಗ್ಯ. ನನ್ನದೇ ಪದ್ಧತಿ."

"ಹಾಗಾ? ಈ ಕಾಗದ ಮಾಡಿಸಿ ಹಂಚೋರು ನಾವೇ. ಹಳದಿಯಲ್ಲೂ ಮಾಡಿಸ್ತೀವಿ ಅಂತ ನಮಗೇ ಗೊತ್ತಿರಲಿಲ್ಲ ನೋಡಿ."

ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನು ಇನ್ನೊಂದು ಸುಳ್ಳನ್ನು ಕಟ್ಟುತ್ತಿದ್ದ, ಬಹುಶಃ ಅದರ ಮೇಲೊಂದು ಮಹಡಿಯನ್ನೂ. ಅವನು ಇನ್ನೊಂದು ಡಬ್ಬಿ ತೆಗೆದ. ಹಳದಿ. ಇನ್ನೊಂದು. ಹಳದಿ. ಅವನೇ ತೆಗೆಯುತ್ತ ಹೋದ, ಈಗ ಮೂಸುವ ಅಭಿನಯವನ್ನೂ ಬಿಟ್ಟು, ಕಣ್ಣಿನಿಂದಲೇ. ಕಪಾಟಿನ ಅಂಚಿಗೆ ಹೋದ ಹಾಗೆ ಹಳದಿ ಎಳೆಯದಾಯಿತು, ಹಸಿರಾಯಿತು, ತೀರ ಮೂಲೆಯವು ಮಾತ್ರ ಇನ್ನೂ ನೀಲಿ. ಮತ್ತೆ ನಡುವಿಗೆ ಬಂದರೆ ಹಳದಿ ಗಾಢ, ಇನ್ನೂ ಗಾಢ, ಮತ್ತು ನಟ್ಟನಡುವೆ, ಚೀಟಿಯೇ ಇಲ್ಲದೆ, ನೆಲಮಾಳಿಗೆಯ ಆ ತುಕ್ಕು ಡಬ್ಬಿ. ಮುಚ್ಚಳ ತೆಗೆದಾಗ ಕಣ್ಣು ಚುರ್ರೆಂದಿತು. ಮೂಗು ಸತ್ತರೂ ಕಣ್ಣು ಸತ್ತಿರಲಿಲ್ಲ. ಒಳಗೆ ಸುರುಳಿ ಒಣಗಿದ ಸಿಪ್ಪೆಯಂತೆ ಸೊಟ್ಟಗಾಗಿ ಬಿಳಿ ಪುಡಿ ಉದುರಿಸಿಕೊಂಡು ಕೂತಿತ್ತು. ಅದನ್ನು ಹೊಗಳಿ ಒಳಗೆ ಕರೆದು, ಬಳ್ಳಿಯಮ್ಮನ ಮಡಿಲಲ್ಲಿ ಕೂರಿಸಿದವನು ತಾನು. ಹುಳಿ ಎಲ್ಲಿಂದ ಎಲ್ಲಿಗೆ, ಎಷ್ಟರಮಟ್ಟಿಗೆ ಹೋಗಿದೆಯೆಂದು ಅವನದೇ ಅಕ್ಷರದ ಚೀಟಿಗಳು ಬಣ್ಣ ಹಚ್ಚಿ ತೋರಿಸುತ್ತಿದ್ದವು. ಅವನ ಮೂಗು ಸರಿಯಿದ್ದ ಕಾಲದಲ್ಲೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ನಿರ್ದೇಶಕರು ಫೋನು ಮುಗಿಸಿ ಬಾಗಿಲಲ್ಲಿ ಕಾಣಿಸಿಕೊಂಡರು, ಮುಖದ ತುಂಬ ನಗು. "ಆಯ್ತಾ ಮೇಡಂ? ನಮ್ಮ ಮೂಗು ಏನು ಹೇಳ್ತು?"

ಅವನು ಸ್ಟೂಲಿನ ಮೇಲೆ ಕೂತ. ಸಭೆಯಲ್ಲಿ ಮೂಸಿದ್ದ ಬಳ್ಳಿಯಮ್ಮನ ಆ ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡ. ಗಾಳಿಯಲ್ಲಿ ಸುತ್ತು ಹೊಡೆದ ಕುಡಿ ಕಡ್ಡಿಗೆ ತಾಗಿ ಒಂದು ಕ್ಷಣ ನಿಲ್ಲುತ್ತದಲ್ಲ, ಅಷ್ಟು ಹೊತ್ತು ಮುಚ್ಚಳವನ್ನು ಹಿಡಿದಿದ್ದು, ಮುಚ್ಚಿದ.

"ಮೂಗು ಏನೂ ಹೇಳ್ಲಿಲ್ಲ ಸಾರ್. ಮಳೆಗಾಲದಿಂದ ಅದು ಮಾತೇ ಆಡ್ತಿಲ್ಲ. ಜ್ವರ ಬಂದು ಹೋಯ್ತಲ್ಲ, ಜೊತೇಲೇ ಹೋಯ್ತು. ನನಗೆ ಏನೂ ವಾಸನೆ ಬರಲ್ಲ."

"ಏನ್ರೀ ಇದು? ನಿಂಬೆ ಅಂದ್ರಲ್ಲ ಬೆಳಿಗ್ಗೆ!"

"ಡಬ್ಬಿ ಕಸದ ಬುಟ್ಟೀಲಿ ಕಾಣ್ತು ಸಾರ್."

"ಮತ್ತೆ ಸಂಸ್ಥಾಪಕರು? ಮೂಗು ಕಿತ್ತು ಬರುತ್ತೆ ಅಂದಿದ್ರಿ?"

"ಸಂಸ್ಥಾಪಕರಿಗೆ ಏನೂ ಆಗಿಲ್ಲ. ಕಲ್ಲುಗುಂಡಿನ ಹಾಗಿದಾರೆ. ಹೋಗ್ತಿರೋದು ಬಳ್ಳಿಯಮ್ಮ. ನಾನೇ ಅಂಟಿಸಿದ್ದು." ಕೊನೆಯ ಮಾತು ಹೇಳುವಾಗ ಅವನ ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು. "ಅರ್ಜೀಲಿ ಬರೆದದ್ದು ಸುಳ್ಳು ಮೇಡಂ. ನನ್ನನ್ನ ಏನು ಬೇಕಾದ್ರೂ ಮಾಡಿ. ಹಣ ಮಾತ್ರ ಆ ಕಪಾಟಿಗೆ ಕೊಡಿ."

ನಿರ್ದೇಶಕರ ಕೈ ಟೈಯ ಗಂಟಿನ ಮೇಲೇ ಉಳಿಯಿತು. ಆಕೆ ಚೀಲದಿಂದ ಅರ್ಜಿ ತೆಗೆದು, ಸಂಸ್ಥಾಪಕರು ಎಂದಿದ್ದ ಕಡೆ ಅಡ್ಡಗೆರೆ ಎಳೆದರು.

"ಹೊಸದಾಗಿ ಬರೆದು ಕಳಿಸಿ. ಮೂಗಿನ ವರದಿ ಬೇಡ, ಈ ಚೀಟಿಗಳನ್ನೇ ಅಂಟಿಸಿ ಕಳಿಸಿ. ನಾವು ಈ ಪೊಟ್ಟಣಾನ ಎಷ್ಟೋ ಕಡೆ ಹಂಚಿದೀವಿ ಸ್ವಾಮಿ. ಡಬ್ಬಿ ಡಬ್ಬಿಗೂ ಇಟ್ಟವರು ನೀವೊಬ್ಬರೇ. ಮಿಕ್ಕವರೆಲ್ಲ ಸೂಚನೆ ಓದಿ, ಗೌರವದಿಂದ ಬೀರೂಲಿ ಇಟ್ಟಿದಾರೆ." ಆಕೆ ನಕ್ಕರು, ನಗುವಿನ ನಡುವೆಯೇ ಸೀನಿದರು. "ಹಣ ಬರೋವರೆಗೂ ಆ ನಡುವಿನ ಡಬ್ಬೀನ ಹೊರಗೆ ಹಾಕಿ. ಇವತ್ತೇ."

ಅವನು ತಲೆಯಾಡಿಸಿದ. ಹಗುರಾಗಬೇಕಿತ್ತು; ಬದಲಿಗೆ ಬೀದಿಯಲ್ಲಿ ಬಟ್ಟೆಯಿಲ್ಲದೆ ನಿಂತಂತಿತ್ತು, ಆದರೆ ಗಾಳಿ ತಣ್ಣಗಿತ್ತು. ಅಕ್ಕನಿಗೆ ಹೇಳಬೇಕು. ಸಂಜೆ ಅವಳು ಏನು ಕೊಟ್ಟರೂ ಮೊದಲು ಮುಚ್ಚಳ ತೆಗೆದು ನೋಡಬೇಕು.

ಆಕೆ ಚೀಲ ಹೆಗಲಿಗೇರಿಸಿದವರು ಬಾಗಿಲಲ್ಲಿ ತಿರುಗಿ ನಿಂತರು. "ಒಂದು ಮಾತು. ಮೂಗು ಹೋಗಿದ್ದು ಕಳೆದ ಮಳೆಗಾಲದಲ್ಲಿ ತಾನೆ? ಅಂದ್ರೆ ಅದಕ್ಕೂ ಮುಂಚಿನ ಆ ಸಭೆಯ ಕಥೆ ನಿಜ. ಇಬ್ಬರು ಮೂರ್ಛೆ ಹೋಗಿದ್ದು?"

ಇದಕ್ಕೆ ಹೌದು ಎಂದುಬಿಟ್ಟರೆ ಯಾರಿಗೂ ನಷ್ಟವಿರಲಿಲ್ಲ. ಅದೊಂದನ್ನಾದರೂ ತನಗೆ ಬಿಡಬಹುದಿತ್ತು.

"ಮೂರ್ಛೆ ಅಲ್ಲ ಮೇಡಂ. ಊಟ ಆದ ಮೇಲಿನ ಸಭೆ. ತೂಕಡಿಸಿದ್ರು."

"ತರಕಾರಿ ಅಂಗಡಿ?" ಎಂದರು ನಿರ್ದೇಶಕರು, ಅದಾದರೂ ಉಳಿಯಲಿ ಎಂಬ ಆಸೆಯಿಂದ.

"ಅದು ಅವರ ಮಾವಂದು ಸಾರ್. ಮೊದಲಿಂದಲೂ ಇತ್ತು."

"ಆದ್ರೆ ವರ್ಷ, ತಿಂಗಳು, ಮಳೆ, ಕಿಟಕಿ..." ಆಕೆ ಬಿಡಲಿಲ್ಲ. "ಮುಚ್ಚಿದ ಡಬ್ಬಿ ಮೂಸಿ, ಹಲ್ಲುನೋವು ಅಂತ ಹೇಗೆ ಹೇಳಿದ್ರಿ?"

ಅವನು ಕೈಯಲ್ಲಿದ್ದ ಡಬ್ಬಿಯನ್ನು ಒಮ್ಮೆ ನೋಡಿದ. ಅಂದು ಸಭೆಯಲ್ಲಿ ಮಾಡಿದ ಹಾಗೆಯೇ ಅದನ್ನು ಮೇಲಕ್ಕೆತ್ತಿ, ನಿಧಾನವಾಗಿ ತಿರುಗಿಸಿ, ತಳವನ್ನು ಆಕೆಯ ಕಡೆ ಹಿಡಿದ. ಮಾಸಿದ ಪೆನ್ಸಿಲ್ಲಿನಲ್ಲಿ ಬಳ್ಳಿಯಮ್ಮನ ಪುಟ್ಟ, ಓರೆ ಅಕ್ಷರ: ವರ್ಷ, ತಿಂಗಳು, ಅದರ ಕೆಳಗೆ, 'ಬೆಳಗಿನಿಂದ ಮಳೆ. ಕಿಟಕಿ ಮುಚ್ಚಲಿಲ್ಲ. ಹಲ್ಲುನೋವು.'

"ಇಲ್ಲಿ ಬರೆದಿತ್ತು," ಅಂದ.